ಖೇಮ್ಲಾ ಡಾಕ್ಟರ ಕೊರಳಿಗೆ ಬಿದ್ದದ್ದು

ಹೂಂಗುಟ್ಟೋಕೆ ಒಬ್ಬರಿದ್ದರೆ ಸಾಕು, ಕೇಳ್ರಿ. ಗುಡ್ಡದ ಮಗ್ಗುಲಿಗೆ ಒಂದು ಲಂಬಾಣಿ ತಾಂಡಾ. ತಾಂಡಾದಲ್ಲಿ ಸಕ್ರಿಬಾಯಿ. ಸಕ್ರಿಬಾಯಿಗೊಬ್ಬ ಮಗ, ಖೇಮ್ಲಾ. ಮೀಸೆ ಬಂದು ಮುಟ್ಟಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು.

ತಾಯಿಗೆ ಅವರು ಯಾಡಿ ಅಂತಾರೆ. "ಎಮ್ಮಿ ಮ್ಯಾಲಿಂದ ಕಣ್ಣು ತೆಗೀಬ್ಯಾಡ" ಅಂದಳು ಯಾಡಿ. ಎಮ್ಮೆ ಗೌಡರ ಜೋಳಕ್ಕೆ ಹೊಕ್ಕಿತು, ಹೊಟ್ಟೆ ಬಿರಿಯುವಷ್ಟು ಮೇಯಿತು, ಹೊರಗೆ ಬಂತು. ಖೇಮ್ಲಾ ಕಣ್ಣು ತೆಗೆಯಲೇ ಇಲ್ಲ!

"ಅಯ್ಯೋ ನನ್ನ ಹೊಟ್ಟಿಯಾಗ ಹುಟ್ಟಿದ ಕಲ್ಲೇ! ನಿನ್ನ ಕಟ್ಕೊಂಡು ಏನು ಮಾಡ್ಲೋ?"

ಹಂಗಿದ್ದರೂ ಅವನಿಗೊಂದು ಬರುತ್ತಿತ್ತು. ಲಂಬಾಣಿಯೂ ಬರುತ್ತಿತ್ತು, ಕನ್ನಡವೂ ಬರುತ್ತಿತ್ತು. ಪೇಟೆಯ ಆಸ್ಪತ್ರೆಗೆ ಬೇಕಾದದ್ದೂ ಅದೇ. ಅಲ್ಲಿನ ಫ್ಲೇವಿಯಾ ಸಿಸ್ಟರು ಮಂಗಳೂರು ಕಡೆಯವರು, ಲಂಬಾಣಿ ಬಾರದು. ತಾಂಡಾದ ಮುದುಕರಿಗೆ ಕನ್ನಡ ಬಾರದು. ಸಿಸ್ಟರು ಏನು ಕೇಳಿದರೂ ಅವರು "ಹೂಂ" ಅನ್ನೋರು. ತಲೆನೋವಾ? ಹೂಂ. ಹೊಟ್ಟೆನೋವಾ? ಹೂಂ. ಗುಣ ಆಯ್ತಾ? ಹೂಂ!

ಯಾಡಿ ಮಗನನ್ನು ಕರೆದೊಯ್ದು ನಿಲ್ಲಿಸಿದಳು. "ಇದೂ ಹೋತಂದ್ರ ನಿನಗ ಯಾರೂ ಕೆಲಸ ಕೊಡಂಗಿಲ್ಲ, ತಿಳೀತಾ? ಸಿಸ್ಟರು ಏನಂತಾರೋ ಅಷ್ಟಽ ಹೇಳು."

"ಅಷ್ಟಽ ಹೇಳ್ತೀನಿ ಯಾಡಿ!"

ಮೊದಲ ಪೇಷಂಟು ಮುದುಕ ರೂಪ್ಲಾ. ಸಿಸ್ಟರು ಅಂದರು, "ಎಲ್ಲಿ ನೋವು ಅಂತ ಕೇಳು."

ಖೇಮ್ಲಾ ಲಂಬಾಣಿಯಲ್ಲಿ ಅಷ್ಟನ್ನೇ ಹೇಳಿದ: "ಎಲ್ಲಿ ನೋವು ಅಂತ ಕೇಳು."

ದೊಡ್ಡ ಆಸ್ಪತ್ರೆ, ದೊಡ್ಡವರ ಮಾತು! ರೂಪ್ಲಾ ಎದ್ದ. ಸೊಂಟ ಹಿಡಿದುಕೊಂಡು, ನರಳುತ್ತ, ಮಂಚದಿಂದ ಮಂಚಕ್ಕೆ ಹೋಗಿ ಎಲ್ಲರನ್ನೂ ಕೇಳಿದ. "ನಿನಗೆಲ್ಲಿ ನೋವಪ್ಪಾ? ನಿನಗೆಲ್ಲಿ ನೋವವ್ವಾ?"

"ಎಂತ ಮಾರಾಯ ನೀನು!" ಸಿಸ್ಟರು ತಲೆ ಹಿಡಿದುಕೊಂಡರು. "ನನ್ನ ಮಾತನ್ನ ಹಾಗೇ ಹೊತ್ತು ಹಾಕುದಲ್ಲ. ಎಲ್ಲದರಲ್ಲಿ ದೊಡ್ಡ ಸಂಗತಿ ಯಾವುದು ನೋಡು, ಅದೊಂದು ಹೇಳು, ಸಾಕು."

"ದೊಡ್ಡದೊಂದು ಹೇಳ್ತೀನ್ರೀ ಸಿಸ್ಟರ!"

ಮಾರನೆಯ ದಿನ ಒಬ್ಬ ಹೆಂಗಸು ಬಂದಳು. ಜ್ವರ ಬಂದದ್ದು ಹೇಳಿದಳು, ವಾಂತಿಯಾದದ್ದು ಹೇಳಿದಳು, ಕಣ್ಣು ಕತ್ತಲೆಗಟ್ಟಿ ಎತ್ತಿನ ಮೈಮೇಲೆ ಬಿದ್ದದ್ದು ಹೇಳಿದಳು. ಹೇಳಿದಳು, ಹೇಳಿದಳು, ಬಾಯಾರಿ ನಿಲ್ಲಿಸಿದಳು.

ಖೇಮ್ಲಾ ಯೋಚನೆ ಮಾಡಿದ. ಜ್ವರ ಕಣ್ಣಿಗೇ ಕಾಣೋದಿಲ್ಲ. ವಾಂತಿ ಒಂದು ಬೊಗಸೆ. ಇದರಲ್ಲಿ ದೊಡ್ಡದು ಯಾವುದು?

"ಎತ್ತು, ಸಿಸ್ಟರ!"

"ಎತ್ತಾ?"

"ಎತ್ತು! ಭಾಳ ದೊಡ್ಡದು!"

"ಎತ್ತಿಗೆ ನಾನು ಎಂತ ಮದ್ದು ಕೊಡುದು? ನೀನು ಇನ್ನು ಏನೂ ಆರಿಸ್ಲಿಕ್ಕೆ ಹೋಗಬೇಡ! ಪೇಷಂಟು ಹೇಗೆ ಹೇಳ್ತಾರೋ ಹಾಗೇ ಹೇಳು. ಒಂದಕ್ಷರ ಬಿಡಬೇಡ. ಇನ್ನೊಂದು ಸಲ ತಪ್ಪಿದ್ರೆ ಮನೆಗೆ ಹೋಗು!"

ಮನೆಯಲ್ಲಿ ಯಾಡಿ ಅತ್ತಳು. "ಇದೊಂದಽ ಉಳಿದೈತಿ ಮಗನ. ಹೆಂಗ ಹೇಳ್ತಾರೋ ಹಂಗಽ ಹೇಳಪ್ಪಾ."

"ಹಂಗಽ ಹೇಳ್ತೀನಿ ಯಾಡಿ! ಕೂದಲೆಳೆ ಬಿಡಂಗಿಲ್ಲ!"

ಮರುದಿನ ಘಮ್ಲಿಬಾಯಿ ಅನ್ನೋ ಮುದುಕಿಯನ್ನು ಹೊತ್ತು ತಂದರು. ಕಾಲು ಕೀವುಗಟ್ಟಿತ್ತು, ಮೈ ಕೆಂಡವಾಗಿತ್ತು. ಹಿಂದೆ ಯಾವುದಾದರೂ ಸೂಜಿ ಮೈಗೆ ಒಗ್ಗದೆ ಹೋಗಿತ್ತಾ ಅಂತ ಡಾಕ್ಟರು ಖೇಮ್ಲಾನ ಕೈಲಿ ಕೇಳಿಸಿದರು. ಜ್ವರದ ಅಮಲಿನಲ್ಲಿ ಮುದುಕಿ ತುಟಿ ಬಿಚ್ಚಲಿಲ್ಲ. ಸಿಸ್ಟರು ಸಣ್ಣ ಸೀಸೆಯ ಬಿಳಿ ಪುಡಿಗೆ ನೀರು ಬೆರೆಸಿ ಸೂಜಿಗೆ ಏರಿಸಿದರು.

ಅಷ್ಟರಲ್ಲಿ ಬೇರೆ ತಾಂಡಾದಿಂದ ಮುದುಕಿಯ ತಂಗಿ ಓಡಿ ಬಂದಳು. ಲಂಬಾಣಿ ಹೆಂಗಸರು ಬಹಳ ದಿನಕ್ಕೆ ಕಂಡರೆ ಸುಮ್ಮನೆ ಮಾತಾಡೋದಿಲ್ಲ. ಕೊರಳಿಗೆ ಕೊರಳು ಹಾಕಿ, ರಾಗ ಎಳೆದು ಅಳುತ್ತಾರೆ. ಸುಖ ದುಃಖವೆಲ್ಲ ಆ ಅಳುವಿನ ಹಾಡಲ್ಲೇ ಹೇಳುತ್ತಾರೆ. ತಂಗಿಯನ್ನು ಕಂಡದ್ದೇ ಘಮ್ಲಿಬಾಯಿಗೆ ಎಲ್ಲಿತ್ತೋ ಆ ಜೀವ, ಎದ್ದು ತಬ್ಬಿ ಶುರು ಮಾಡಿದಳು! ವಾರ್ಡೆಲ್ಲ ಗಾಬರಿ.

"ಯಾರು ಸತ್ತರು? ಹೊರಗೆ ಕಳಿಸಿ, ಹೊರಗೆ!" ಡಾಕ್ಟರು ಕೂಗಿದರು.

ಖೇಮ್ಲಾ ನೋಡಿದ. ಪೇಷಂಟು ಹೇಳುತ್ತಿದ್ದಾಳೆ. ಹೇಗೆ ಹೇಳುತ್ತಾಳೋ ಹಾಗೇ ಹೇಳಬೇಕು. ಓಡಿ ಹೋದ, ಡಾಕ್ಟರ ಕೊರಳಿಗೆ ಜೋತುಬಿದ್ದ, ರಾಗ ಎತ್ತಿದ.

"ಬಾರೇ ನನ್ನ ತಂಗೀ... ಒಬ್ಬಳೇ ತಂಗೀ... ನಿನ್ನ ಮಗಳ ಮದುವಿಗೆ ಬರಲಿಲ್ಲೇ ತಂಗೀ..."

"ಬಿಡೋ! ಏ, ಬಿಡಿಸ್ರೋ ಇವನನ್ನ!"

ಬಿಡುತ್ತಾನೆಯೇ? ಒಂದಕ್ಷರ ಬಿಡಬೇಡ ಅಂದಿದ್ದಾರೆ! ಇನ್ನೂ ಬಿಗಿಯಾಗಿ ತಬ್ಬಿದ, ಡಾಕ್ಟರ ಹೆಗಲು ತೊಯ್ಯುವಂತೆ ಅತ್ತ.

"ಹ್ವಾದ ವರ್ಷ ಮದುವಿಗೆ ಹೊಂಟಾಗ ಕಾಲಿಗೆ ಮುಳ್ಳು ನೆಟ್ಟಿತೇ ತಂಗೀ... ಬಿಳಿ ಪುಡಿಗೆ ನೀರು ಹಾಕಿ ಸೂಜಿ ಚುಚ್ಚಿದರೇ ತಂಗೀ... ನಾಲಿಗಿ ಬಾತು ಉಸಿರು ಕಟ್ಟಿತೇ ತಂಗೀ... ನಾ ಸತ್ತೆನಂತ ಮಂದಿ ಅತ್ತೂ ಮುಗಿಸಿದರೇ ತಂಗೀ..."

ಡಾಕ್ಟರು ಕೊಸರಾಡೋದನ್ನು ಬಿಟ್ಟರು. "ಏನಂದೆ? ಮತ್ತೆ ಹೇಳು!"

"ಬಾರೇ ನನ್ನ ತಂಗೀ... ಒಬ್ಬಳೇ ತಂಗೀ..."

"ಮೊದಲಿಂದ ಬೇಡ ಮಾರಾಯಾ! ಸಿಸ್ಟರ್! ಸೂಜಿ ಚುಚ್ಚಬೇಡಿ! ನಿಲ್ಲಿ!"

ಸೂಜಿ ಮುದುಕಿಯ ತೋಳಿನ ಹತ್ತಿರ ಹೋಗಿತ್ತು. ಅಲ್ಲೇ ನಿಂತಿತು. ಸಿಸ್ಟರು ಸೀಸೆ ನೋಡಿದರು. ಅದೇ ಬಿಳಿ ಪುಡಿ! ಬೇರೆ ಔಷಧ ತಂದರು. ಜ್ವರ ಇಳಿಯಿತು, ಕಾಲು ಒಣಗಿತು, ಘಮ್ಲಿಬಾಯಿ ಎದ್ದು ಕೂತು ರೊಟ್ಟಿ ಕೇಳಿದಳು.

ಸಿಸ್ಟರು ಸಕ್ರಿಬಾಯಿಯ ಕೈ ಹಿಡಿದು, "ಈ ಅಜ್ಜಿ ಉಳಿದದ್ದು ನಿಮ್ಮ ಮಗನಿಂದ" ಅಂದರು. "ಕೆಲಸ ಕಾಯಂ!" ಅಂದರು ಡಾಕ್ಟರು. ತಾಂಡಾದವರು ಖೇಮ್ಲಾನಿಗೆ ಕೆಂಪು ರುಮಾಲು ಸುತ್ತಿದರು, ಹೆಗಲ ಮೇಲೆ ಕೂರಿಸಿ ಹಲಗೆ ಬಡಿಯುತ್ತ ಊರೆಲ್ಲ ತಿರುಗಿಸಿದರು. ಸಕ್ರಿಬಾಯಿ ಎಲ್ಲರಿಗಿಂತ ಮುಂದೆ ಕುಣಿದಳು. "ನನ್ನ ಮಗ! ನನ್ನ ಹೊಟ್ಟಿಯಾಗ ಹುಟ್ಟಿದ ಬಂಗಾರ!"

ಡಾಕ್ಟರು ಆವತ್ತೇ ಒಂದು ಬುದ್ಧಿಮಾತನ್ನೂ ಹೇಳಿದ್ದರು. "ಇನ್ನು ತಬ್ಬಬೇಡ, ಅಳಬೇಡ. ಆದರೆ ಪೇಷಂಟ್ ನಾನೇ ಅನ್ನೋ ಹಾಗೆ ಹೇಳಿದೆಯಲ್ಲ, ಅದು ಚಂದ. ದಿನಾ ಹಾಗೇ ಮಾಡು. ಪೇಷಂಟ್ ನಾನೇ ಅಂದುಕೋ."

"ನಾನಽ ಅಂದ್ಕೋತೀನ್ರೀ ಡಾಕ್ಟರ!"

ಮಾರನೆಯ ದಿನ ಒಬ್ಬ ಬಸುರಿ ಬಂದಳು. ಖೇಮ್ಲಾ ನೆಟ್ಟಗೆ ನಿಂತು, ಮೀಸೆ ತೀಡಿ ಹೇಳಿದ. "ನನಗ ಏಳು ತಿಂಗಳು ಸಿಸ್ಟರ. ಒಳಗ ಕೂಸು ಒದಿತೈತಿ."

ಸಿಸ್ಟರು ನಗು ತಡೆದು ಹೇಳಿದರು, "ಕೂಸು ಚೆನ್ನಾಗುಂಟು. ಭಾರ ಎತ್ತಬೇಡ, ಎಡ ಮಗ್ಗುಲಲ್ಲಿ ಮಲಗು, ಹೊಟ್ಟೆ ತುಂಬ ಉಣ್ಣು." ಖೇಮ್ಲಾ ಆ ಹೆಂಗಸಿಗೂ ಹೇಳಿದ, ತಾನೂ ತಲೆಯಾಡಿಸಿದ.

ಸಂಜೆ ಯಾಡಿ ಕರೆದಳು. "ಖೇಮ್ಲಾ, ಕೊಡ ತಗೋ, ನೀರಿಗೆ ಹೋಗು."

ಖೇಮ್ಲಾ ಎಡ ಮಗ್ಗುಲಲ್ಲಿ ಮಲಗಿದ್ದ. "ನಾ ಭಾರ ಎತ್ತಬಾರದು ಯಾಡಿ."

"ಯಾಕೋ, ಏನಾತೋ?"

"ಏಳು ತಿಂಗಳು."

"ಏ ಮೂಳಾ!" ಯಾಡಿ ಕೊಡವನ್ನು ನೆಲಕ್ಕೆ ಧಡಾರನೆ ಕುಕ್ಕಿದಳು.

ಖೇಮ್ಲಾ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡ. "ಮೆಲ್ಲಕ ಯಾಡಿ, ಮೆಲ್ಲಕ! ಈಗಷ್ಟಽ ಮಲಗೈತಿ, ಎದ್ದೀತು!"