ನೂರು ಹೆಣಿಗೆಯ ಮಾಳಪ್ಪ

ಒಂದಾನೊಂದು ಕಾಲದಲ್ಲಿ, ಕುರಿಗಳಿಗೂ ಚಳಿ ಆಗ್ತಿದ್ದ ಕಾಲದಲ್ಲಿ, ಗುಡ್ಡದ ಮೇಲೊಂದು ಊರಿತ್ತಂತೆ. ಅಲ್ಲಿ ಯಾರಾದರೂ ಕೆಮ್ಮಿದರೆ ಕೆಮ್ಮು ಹೆಪ್ಪುಗಟ್ಟಿ ಟಣ್ಣಂತ ಕೆಳಗೆ ಬೀಳ್ತಿತ್ತಂತೆ. ನಿಜ ಕಣೋ, ಸುಳ್ಳು ಹೇಳೋಕೆ ನನಗೇನು ಬಂದಿದೆ?

ಆ ಊರಲ್ಲಿ ಮಾಳಪ್ಪ ಅಂತೊಬ್ಬ. ಉಣ್ಣೆ, ಕಡ್ಡಿ ಕೈಗೆ ಕೊಟ್ಟರೆ ನೂರು ತರದ ಹೆಣಿಗೆ ಹಾಕ್ತೀನಿ ಅಂತ ಕಟ್ಟೆ ಮೇಲೆ ಕೂತು ಜಂಬ ಕೊಚ್ಚೋನಂತೆ. ಅವನಿಗೆ ಬರ್ತಿದ್ದದ್ದು ಕಡ್ಡಿ ಹಿಡಿಯೋದು ಮಾತ್ರ.

ಹೀಗಿರುವಾಗ ಅವನ ತಂಗಿ ಲಗುಮವ್ವ ಹೆತ್ತಳು. ಆ ಸೀಮೆಯಲ್ಲೊಂದು ಪದ್ಧತಿ. ಸೋದರಮಾವ ಮೂರು ಹೊಸ ಹೆಣಿಗೆ ಕಲಿತು, ಹೆಣಿಗೆಗೊಂದು ಬಣ್ಣದಂತೆ ಮೂರು ಚೌಕ ಹೆಣೆದು, ಜೋಡಿಸಿ ಹೊದಿಕೆ ಮಾಡಿ ತರಬೇಕು. ಅದು ಬರೋವರೆಗೂ ಮಗುವನ್ನ ತೊಟ್ಟಿಲಿಗೆ ಹಾಕೋ ಹಾಗಿಲ್ಲ. ಕಲಿಸೋರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ನೂರು ಬರುತ್ತೆ ಅಂದವನು ಮೂರು ಕಲಿಸಿ ಅಂತ ಯಾವ ಬಾಯಲ್ಲಿ ಕೇಳಬೇಕು?

ಮೊದಲು ಒಬ್ಬ ಮುದುಕನ ಮನೆಗೆ ಹೋದನಂತೆ. ಕಲಿಯೋಕೆ ಬಂದೆಯೇನಪ್ಪಾ ಅಂದರೆ, ಇಲ್ಲಜ್ಜಾ, ನಿನ್ನ ಕೈ ನಡುಗುತ್ತಾ ನೋಡೋಕೆ ಬಂದೆ ಅಂದ. ಮುದುಕ ಪಾಪ ನಿಧಾನವಾಗಿ ಹೆಣೆದು ತೋರಿಸಿದ, ಇವನು ಕಲಿಯೋನ ಹಾಗೆ ಕಾಣಬಾರದು ಅಂತ ಮನೆ ಸೂರು ನೋಡ್ತಾ ಕೂತ. ಮನೆಗೆ ಬಂದು ಹೆಣೆದರೆ ಹಳದಿ ಚೌಕ ಬಿಗಿದು ಬಿಗಿದು ವೀಳ್ಯದೆಲೆಯಷ್ಟಾಯಿತು.

ಆಮೇಲೆ ಜಾಲರಿ ಹೆಣಿಗೆಯ ಹೆಂಗಸಿನ ಹತ್ತಿರ ಹೋಗಿ, ಇದನ್ನ ಕನಸಲ್ಲೇ ಹೆಣೆದಿದ್ದೀನಿ ಅಂದುಬಿಟ್ಟ. ಹಾಗಾದರೆ ನೀನೇ ತೋರಿಸಣ್ಣಾ ಅಂದಳು. ಕೈ ಉಳುಕಿದೆ ಅಂತ ಅರಿವೆ ಸುತ್ತಿಕೊಂಡು ಎದ್ದು ಬಂದನಂತೆ. ಅವನ ನೀಲಿ ಚೌಕದ ತೂತಲ್ಲಿ ಒಂದು ಮೇಕೆಮರಿ ತೂರಿ ಹೋಯಿತು, ನಂಬಿಕೆ ಬರದೆ ವಾಪಸು ಬಂದು ಇನ್ನೊಂದು ಸಲ ತೂರಿತು.

ಆಮೇಲೆ ಜಡೆ ಹೆಣಿಗೆ. ಈ ಸಲ ಹೆಣೆಯೋರ ಮನೆ ಒಳಗೆ ಹೋಗೋಕೇ ನಾಚಿಕೆ. ಕಿಟಕಿಯಿಂದ ಕದ್ದು ನೋಡಿದ. ಎದುರಿಂದ ನೋಡಿದ್ದಲ್ಲವೇ, ಎಡ ಬಲವಾಯಿತು, ಬಲ ಎಡವಾಯಿತು, ಕೆಂಪು ಚೌಕ ಮುರುಟಿಕೊಂಡು ಎತ್ತು ಕಟ್ಟೋ ಹಗ್ಗವಾಯಿತಂತೆ.

ತೊಟ್ಟಿಲ ದಿನ ಬಂತು. ಬೀಗರ ಮನೆ ತುಂಬ ಹೆಂಗಸರು. ಮಾಳಪ್ಪ ಮೂರನ್ನೂ ಗಂಟು ಹಾಕಿ ತಂದು ಹೊದಿಸಿದ. ಮಗುವಿನ ಒಂದು ಕಾಲೂ ಮುಚ್ಚಲಿಲ್ಲ. ನಕ್ಕಿದ್ದರೆ ಅವನೂ ನಕ್ಕುಬಿಡ್ತಿದ್ದ, ಆದರೆ ಯಾರೂ ನಗಲಿಲ್ಲವಂತೆ. ಲಗುಮವ್ವನ ಅತ್ತೆ ಖಾಲಿ ತೊಟ್ಟಿಲ ಕಡೆಗೊಮ್ಮೆ, ಸೊಸೆಯ ಕಡೆಗೊಮ್ಮೆ ನೋಡಿದಳು. ಲಗುಮವ್ವ ಸೆರಗನ್ನ ಮುಖಕ್ಕೆ ಎಳೆದುಕೊಂಡಳು. ಅದನ್ನ ಕಂಡದ್ದೇ ಮಾಳಪ್ಪನಿಗೆ ಭೂಮಿ ಬಾಯಿ ಬಿಟ್ಟರೆ ಸಾಕಪ್ಪಾ ಅನ್ನಿಸಿತು. ಸುಳ್ಳು ತನ್ನದು, ತಲೆ ತಗ್ಗಿಸಿದ್ದು ತಂಗಿ.

ಇನ್ನೊಂದು ಸುಳ್ಳು ನಾಲಿಗೆ ತುದಿವರೆಗೂ ಬಂತಂತೆ, ದಾರೀಲಿ ತೋಳ ಕಚ್ಚಿ ಹೀಗಾಯ್ತು ಅಂತ. ಅದನ್ನ ನುಂಗಿಕೊಂಡ.

"ನನಗೆ ಬರಲ್ಲ ತಂಗೀ. ಒಂದೂ ಬರಲ್ಲ."

ಲಗುಮವ್ವ ಸೆರಗು ಸರಿಸಿದಳು. "ಈ ಮಾತು ಮೊದಲೇ ಅಂದಿದ್ದರೆ ನಾನೇ ಕಲಿಸ್ತಿರಲಿಲ್ಲವೇನಣ್ಣಾ."

ಆಮೇಲೆ ಮಾಳಪ್ಪ ಅಷ್ಟು ಜನರ ಮುಂದೆ ಮೂರು ಚೌಕವನ್ನೂ ಬಿಚ್ಚಿ ಉಂಡೆ ಸುತ್ತಿದ. ಲಗುಮವ್ವ ಮಗುವನ್ನ ಅತ್ತೆ ತೊಡೆಗೆ ಕೊಟ್ಟು, ಅಣ್ಣನ ಪಕ್ಕದಲ್ಲಿ ಕೂತು, ಅವನ ಬೆರಳು ಹಿಡಿದು ಹೆಣೆಸಿದಳಂತೆ. ಹಳದಿ ಮುಗಿಯಿತು, ನೀಲಿ ಮುಗಿಯಿತು. ಕೆಂಪು ಹೆಣೆಯುವಾಗ ಅವನ ಕಿವಿ ಉಣ್ಣೆಗಿಂತ ಕೆಂಪಗಿತ್ತಂತೆ. ಅತ್ತೆ ಬಗ್ಗಿ ನೋಡಿ, ಇಲ್ಲೊಂದು ಹೆಣಿಗೆಯ ಕಣ್ಣು ಜಾರಿದೆ ನೋಡಪ್ಪಾ ಅಂದಳು. ಹೌದಮ್ಮಾ ಅಂತ ತಲೆ ಎತ್ತದೆ ಬಿಚ್ಚಿ ಮತ್ತೆ ಹೆಣೆದ. ಹೊತ್ತು ಮುಳುಗೋ ಹೊತ್ತಿಗೆ ಮಗು ಮೂರು ಬಣ್ಣದ ಕೆಳಗೆ ಬೆಚ್ಚಗೆ ತೊಟ್ಟಿಲಲ್ಲಿತ್ತು.

ಅವತ್ತಿನಿಂದ ಆ ಊರಲ್ಲಿ ಸೋದರಮಾವ ಎರಡೇ ಚೌಕ ಹೆಣೆದು ತರ್ತಾನಂತೆ. ಮೂರನೆಯದನ್ನ ತೊಟ್ಟಿಲ ಪಕ್ಕದಲ್ಲಿ, ಎಲ್ಲರೆದುರು, ನನಗೆ ಬರಲ್ಲ ಕಲಿಸಿ ಅಂತ ಕೇಳಿಯೇ ಹೆಣೀಬೇಕಂತೆ.

ಮಗು ಮಲಗಿತು, ಮಾವನೂ ಮಲಗಿದ, ಕತೆಯೂ ಮುಗೀತು. ನೀನ್ಯಾಕೆ ಇನ್ನೂ ಕಣ್ಣು ಬಿಟ್ಟಿದ್ದೀಯಾ?