ಸೂತಕದ ಮನೆಗೆ ಯಾರೂ ಹೋಗಲಿಲ್ಲ

“ಅಮ್ಮ, ಗೆಳತಿಯ ಕೆಲಸದಲ್ಲಿ ತಪ್ಪು ಹುಡುಕುವುದು ದ್ರೋಹವಲ್ಲವೇ?” ಎಂದು ಕಸ್ತೂರಿ ಕೇಳಿದಳು.

ಅಂಬುಜಾಕ್ಷಿಯಮ್ಮ ಅವಳಿಗೆ ಶುಶ್ರೂಷೆ ಕಲಿಸಿದ ಗುರು. ಕಸ್ತೂರಿ ಈಗ ವೈದ್ಯರಿಲ್ಲದ ಊರೊಂದರಲ್ಲಿ ತಾನೇ ರೋಗಿಗಳನ್ನು ಪರೀಕ್ಷಿಸಿ ಔಷಧ ಕೊಡುವ ನರ್ಸ್. ಅಂಥ ನರ್ಸುಗಳು ಒಬ್ಬರ ಕೆಲಸವನ್ನು ಇನ್ನೊಬ್ಬರು ಪರಿಶೀಲಿಸಬೇಕೆಂಬುದು ನಿಯಮ. ಈ ಸಲ ಗೆಳತಿ ವಿನೋದಿನಿಯ ಕೆಲಸ ಕಸ್ತೂರಿಯ ಪಾಲಿಗೆ ಬಂದಿತ್ತು. ಯಾವ ರೋಗಿಗಳ ಚಿಕಿತ್ಸೆಯನ್ನು ನೋಡಬೇಕೆಂದು ಆರಿಸುವವಳೂ ಕಸ್ತೂರಿಯೇ. “ಜ್ವರದಲ್ಲಿ ತೀರಿಕೊಂಡಳಲ್ಲ, ಆ ಹುಡುಗಿಯದೊಂದು ಬಿಟ್ಟುಬಿಡೇ. ಉಳಿದದ್ದು ಯಾವುದನ್ನಾದರೂ ನೋಡು,” ಎಂದಿದ್ದಳು ವಿನೋದಿನಿ.

ಅಂಬುಜಾಕ್ಷಿಯಮ್ಮ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಕೆಲವರು ಸೂಲಗಿತ್ತಿಯರಿದ್ದರು. ಒಬ್ಬಳು ಹೆರಿಗೆ ಮಾಡಿಸಿದರೆ, ಹನ್ನೊಂದನೆಯ ದಿನ ಇನ್ನೊಬ್ಬಳು ಆ ಮನೆಗೆ ಹೋಗಿ ತಾಯಿ ಮಗುವನ್ನು ನೋಡಬೇಕು, ನಡೆದದ್ದನ್ನೆಲ್ಲ ಕೇಳಬೇಕು. ಸೂಲಗಿತ್ತಿಯ ಕೈಕೆಲಸ ಸೂಲಗಿತ್ತಿಗಲ್ಲದೆ ಬೇರೆ ಯಾರಿಗೆ ತಿಳಿಯಬೇಕು ಎಂದು ಹಿರಿಯರು ಮಾಡಿಟ್ಟ ಕಟ್ಟಳೆ ಅದು. ನೋಡಲು ಹೋದವಳಿಗೆ ಮನೆಯವರು ಮಡಿಲು ತುಂಬಿ ಕಳಿಸುತ್ತಿದ್ದರು. ಯಾರ ಕೆಲಸದಲ್ಲಿಯೂ ಎಂದೂ ಕುಂದು ಕಂಡಿರಲಿಲ್ಲ.

ಒಂದು ಸಂತೆಯ ದಿನ ಒಬ್ಬ ಸೂಲಗಿತ್ತಿ ತನ್ನ ಗೆಳತಿ ಮಾಡಿಸಿದ ಹೆರಿಗೆಯ ಮನೆಗೆ ಹೋಗಿ ಬರುತ್ತಿದ್ದಳು. ಮಡಿಲಲ್ಲಿ ಕೊಬ್ಬರಿ ಬೆಲ್ಲವಿತ್ತು. ಪಕ್ಕದ ಮನೆಯ ಹೆಂಗಸು ಬಾಗಿಲಿಗೆ ಬಂದಳು. ಅವಳ ತೋಳಿನಲ್ಲಿಯೂ ಒಂದು ಕೂಸಿತ್ತು. ಹಾಲಿನಲ್ಲಿ ಅದ್ದಿದ ಬತ್ತಿಯನ್ನು ಅದಕ್ಕೆ ಚೀಪಿಸುತ್ತಿದ್ದಳು.

“ಏನವ್ವ, ಆ ಮನೆ ಬಾಣಂತಿ ಚೆನ್ನಾಗಿದ್ದಾಳಾ?”

“ಚೆನ್ನಾಗಿದ್ದಾಳೆ, ತಾಯಿ.”

“ನನ್ನ ಮಗಳೂ ಅದೇ ದಿನ ಹೆತ್ತಳು. ಅದೇ ಸೂಲಗಿತ್ತಿಯ ಕೈಯಲ್ಲಿ. ಇಲ್ಲಿಗೇಕೆ ಬರಲಿಲ್ಲ?”

ಆ ಮಗಳು ಹೆತ್ತ ದಿನವೇ ಸತ್ತಿದ್ದಳು. ಅದು ಊರಿಗೆಲ್ಲ ಗೊತ್ತಿತ್ತು.

“ಸೂತಕದ ಮನೆ. ದುಃಖದಲ್ಲಿರುವವರನ್ನು ಏನೆಂದು ಕೇಳಲಿ?”

“ದುಃಖ ನನ್ನದು. ಕೇಳುವುದಕ್ಕೆ ನಿನಗೇನು ಬಂತು? ಎಲ್ಲ ಸರಿಹೋದ ಮನೆಗೆ ಹೋಗಿ ಕೊಬ್ಬರಿ ಕಟ್ಟಿಸಿಕೊಂಡು ಬರ್ತೀಯಲ್ಲ, ಅಲ್ಲೇನು ಪರೀಕ್ಷೆ ಮಾಡಿದೆ? ಸತ್ತವಳು ಹೆರಲೇ ಇಲ್ಲವಾ?”

ಸೂಲಗಿತ್ತಿ ಹೊಸಿಲು ದಾಟಿದಳು. ನೆಲದ ಮೇಲೆ ಕುಳಿತು ಕೇಳಿದಳು. ಹೆಂಗಸು ಹೇಳಿದಳು. ಮಗು ಬಂತು, ಮಾಸು ಬಿತ್ತು. ಅಷ್ಟರಲ್ಲಿ ಪಕ್ಕದ ಮನೆಯಿಂದ ಕೂಗು ಬಂತು. ಮಾಸನ್ನು ಹೂಳಲು ಹೇಳಿ ಹೆರಿಗೆ ಮಾಡಿಸಿದವಳು ಅತ್ತ ಓಡಿದಳು. ಮಗಳ ರಕ್ತ ನಿಲ್ಲಲೇ ಇಲ್ಲ.

“ಮಾಸನ್ನು ಮೊರದಲ್ಲಿ ಹರಡಿ, ಪೂರ್ತಿ ಬಂದಿದೆಯೇ ಎಂದು ನೋಡಲಿಲ್ಲವೇ?”

“ನೋಡಬೇಕೆಂದು ನನಗೇನು ಗೊತ್ತವ್ವ?”

ಸೂಲಗಿತ್ತಿಗೆ ಗೊತ್ತಿತ್ತು. ಮಾಸಿನ ಒಂದು ಚೂರು ಒಳಗೆ ಉಳಿದರೂ ಸಾಕು, ರಕ್ತ ನಿಲ್ಲುವುದಿಲ್ಲ. ಹಿಂದಿನ ವರ್ಷ ಇನ್ನೊಬ್ಬ ಬಾಣಂತಿ ಹೀಗೆಯೇ ಸತ್ತಿದ್ದಳು. ಹೆರಿಗೆ ಮಾಡಿಸಿದವಳು ಇದೇ ಗೆಳತಿ. ನೋಡಲು ಹೋಗಿ, ಸೂತಕವೆಂದು ಬಾಗಿಲಿನಿಂದಲೇ ಮರಳಿದವಳು ತಾನು. ಈಗ ಆ ಮನೆಗೂ ಹೋಗಿ ಕೇಳಿದಳು. ಅಲ್ಲಿಯೂ ಯಾರೂ ಮೊರ ತಂದಿರಲಿಲ್ಲ.

ಅಲ್ಲಿಂದ ನೇರವಾಗಿ ಗೆಳತಿಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಗೆಳತಿ ಸಿಡಿದೆದ್ದಳು.

“ಕೂಗಿದರೆ ಓಡಬೇಡವಾ? ನನಗಿರುವುದು ಎರಡೇ ಕೈ. ನಾಲ್ಕು ಜನರ ಮುಂದೆ ನನ್ನ ಮಾನ ಕಳೆಯುತ್ತೀಯಾ? ನೀನು ಗೆಳತಿಯೋ, ವೈರಿಯೋ?”

“ಹೋದ ವರ್ಷವೇ ಆ ಮನೆಯೊಳಗೆ ಕಾಲಿಟ್ಟು ಕೇಳಿದ್ದರೆ ಗೆಳತಿಯಾಗಿರುತ್ತಿದ್ದೆ. ಈ ಹುಡುಗಿಯೂ ಇರುತ್ತಿದ್ದಳು.”

ಅಂಬುಜಾಕ್ಷಿಯಮ್ಮ ಕತೆ ನಿಲ್ಲಿಸಿದರು.

“ಆದರೆ ಅಮ್ಮ, ವಿನೋದಿನಿ ಬೇಕೆಂದು ಏನೂ ಮಾಡಿದವಳಲ್ಲ,” ಎಂದಳು ಕಸ್ತೂರಿ.

“ಜ್ವರದಲ್ಲಿ ಹೋದ ಆ ಹುಡುಗಿಯ ಮನೆ ಎಲ್ಲಿದೆ?”

ಕಸ್ತೂರಿ ದಿನವೂ ಬಸ್ಸಿಗೆ ಕಾಯುವ ನಿಲ್ದಾಣದ ಎದುರಿಗೇ ಇತ್ತು ಆ ಮನೆ.