ಕಂದು ಕುದುರೆಯ ಲಾಳ

ಒಂದೇ ಲಾಯದಲ್ಲಿ ಎರಡು ಜಟಕಾ ಕುದುರೆಗಳಿದ್ದವು, ಒಂದು ಬಿಳಿ, ಒಂದು ಕಂದು. ಒಂದೇ ಬೇಸಿಗೆಯಲ್ಲಿ ಎರಡಕ್ಕೂ ಬೆನ್ನುಮೂಳೆಯ ಡಿಸ್ಕ್ ಜಾರಿ, ಸೊಂಟದಿಂದ ಗೊರಸಿನವರೆಗೆ ನರ ಸೆಳೆಯತೊಡಗಿತು. ಎರಡೂ ಎಡ ಹಿಂಗಾಲು ಎಳೆಯುತ್ತಾ ಕುಂಟಿದವು. ಬಿಳಿಯದರ ಕಾಲಿನ ಬಲವೇ ಕುಂದುತ್ತಿದ್ದುದರಿಂದ ವೈದ್ಯರು ಅದಕ್ಕೆ ಆಪರೇಷನ್ ಮಾಡಿದರು. ಕಂದು ಕುದುರೆಗೆ, "ನಿನಗೆ ಕೊಯ್ಯುವುದು ಬೇಡ. ಗಾಡಿ ಎಳೆಯದೆ ದಿನಾ ನಿಧಾನವಾಗಿ ನಡೆ, ನೋವು ತಾನಾಗಿ ಇಳಿಯುತ್ತದೆ" ಎಂದರು.

ಇಪ್ಪತ್ತೇ ದಿನಕ್ಕೆ ಬಿಳಿ ಕುದುರೆ ನೆಟ್ಟಗೆ ನಡೆಯಿತು. ಕಂದು ಕುದುರೆಗೆ ಹೊಟ್ಟೆ ಉರಿಯಿತು.

"ಅವನಿಗೆ ಆಪರೇಷನ್, ನನಗೆ ಬರೀ ಉಪದೇಶ!" ಎಂದು ದಿನವೂ ಗೊಣಗಿತು. ನಡೆಯುವಾಗಲೂ ಅದರ ಕಣ್ಣು ಬಿಳಿಯದರ ಕಾಲ ಮೇಲೆಯೇ.

"ತಮ್ಮಾ, ನನ್ನ ಬೆನ್ನಿನ ಹೊಲಿಗೆಯನ್ನೂ ಒಮ್ಮೆ ನೋಡು" ಎಂದಿತು ಬಿಳಿ ಕುದುರೆ.

"ಅದನ್ನೂ ನಿನಗೇ ಕೊಟ್ಟರು" ಎಂದಿತು ಕಂದು ಕುದುರೆ.

ದೀಪಾವಳಿಯ ಹೊತ್ತಿಗೆ ಲಾಳ ಕಟ್ಟುವ ಹುಸೇನಪ್ಪ ಬಂದ.

"ಮೆಲ್ಲಗೆ ಬಿಚ್ಚಪ್ಪ, ನಾನಿನ್ನೂ ಕುಂಟುತ್ತಿದ್ದೇನೆ" ಎಂದಿತು ಕಂದು ಕುದುರೆ.

ಹುಸೇನಪ್ಪ ನಾಲ್ಕೂ ಲಾಳ ಬಿಚ್ಚಿ ಸಾಲಾಗಿ ಇಟ್ಟ. "ಕುಂಟುವ ಕುದುರೆಯ ಲಾಳ ಸಮನಾಗಿ ಸವೆಯುವುದಿಲ್ಲ. ಎರಡು ತಿಂಗಳ ಹಿಂದೆ ಬಂದಾಗ ನಿನ್ನವು ಒಂದೊಂದು ಒಂದೊಂದು ಥರ ಸವೆದಿದ್ದವು. ಈ ಸಲ ನಾಲ್ಕೂ ಒಂದೇ ಸಮ ಸವೆದಿವೆ. ನೀನು ಕುಂಟುವುದು ಬಿಟ್ಟು ಎರಡು ತಿಂಗಳಾಯಿತು. ಅಷ್ಟೂ ಗೊತ್ತಾಗಲಿಲ್ಲವೇ?"

ಕಂದು ಕುದುರೆ ತನ್ನ ಲಾಳಗಳತ್ತ ತಿರುಗಲೇ ಇಲ್ಲ.

"ಅದಿರಲಿ, ಅವನವು ಹೇಗೆ ಸವೆದಿವೆ?" ಎಂದು ಕೇಳಿತು.